ಮದ್ದಿನ ಕೆಲಸ

ಹೋದ ತಿಂಗಳು ಮಸ್ಕತ್ತಿನ ಕಾಲದ ಗೆಳತಿಯೊಬ್ಬಳು ಫೋನು ಮಾಡಿದ್ದಳು. ಮಂಡಿನೋವು, ಮೊಮ್ಮಕ್ಕಳು, ಕೆಲಸದವಳು ಕೈಕೊಟ್ಟಿದ್ದು ಎಲ್ಲಾ ಮುಗಿದು, ಇನ್ನೇನು ಫೋನು ಇಡಬೇಕು ಅನ್ನುವಾಗ, ವಾದಿ ಕಬೀರಿನಲ್ಲಿ ನಿನ್ನ ಅಂಗಡಿಗೆ ಬರುತ್ತಿದ್ದರಲ್ಲ, ಬೆಳ್ತಂಗಡಿ ಕಡೆಯವರು, ಅವರು ಊರಿನಲ್ಲಿ ತೀರಿಕೊಂಡರಂತೆ ಅಂದಳು. ಯಾವಾಗ, ಏನಾಗಿತ್ತು ಅಂತ ಅವಳಿಗೂ ಗೊತ್ತಿಲ್ಲ. ಫೋನಿಟ್ಟೆ. ಕುಕ್ಕರ್ ಎಷ್ಟು ಸಲ ಕೂಗಿತೋ ದೇವರೇ ಬಲ್ಲ, ಅವತ್ತಿನ ಬೇಳೆ ಕರಗಿ ನೀರಾಗಿತ್ತು.

ಅವರ ಹೆಸರು ಇಲ್ಲಿ ಬರೆಯಲ್ಲ. ತಾನು ಮಾಡುವ ಕೆಲಸ ಊರಿನವರ ಕಿವಿಗೆ ಬೀಳಬಾರದು ಅಂತ ವರ್ಷಗಟ್ಟಲೆ ಹೆಣಗಿದ ಮನುಷ್ಯ. ಸತ್ತ ಮೇಲೆ ನಾನು ಡಂಗುರ ಸಾರುವುದು ಚೆನ್ನಾಗಿರಲ್ಲ. ಹೆಸರಿಲ್ಲದೆ ಹೇಳಿದರೆ ಅವರೂ ಬೇಡ ಅನ್ನುತ್ತಿರಲಿಲ್ಲ ಅಂತ ನನ್ನ ಧೈರ್ಯ.

ನನ್ನ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಫಾರ್ಮಸಿ ಓದಿ, ಮದುವೆಯಾಗಿ, ಎಂಬತ್ತರ ದಶಕದ ಶುರುವಿನಲ್ಲಿ ಯಜಮಾನರ ಹಿಂದೆ ಒಮಾನಿಗೆ ಹೋದವಳು. ಅವರಿಗೆ ಅಲ್ ಗುಬ್ರಾದ ವಿದ್ಯುತ್ ಸ್ಥಾವರದಲ್ಲಿ ಕೆಲಸ, ಪಾಳಿ ಲೆಕ್ಕ. ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಏಸಿ, ಇಬ್ಬರೇ. ಗೋಡೆಗೆ ತಲೆ ಚಚ್ಚಿಕೊಳ್ಳುವ ಬದಲು ಅಂತ ವಾದಿ ಕಬೀರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಸುತ್ತ ಗ್ಯಾರೇಜು, ವೆಲ್ಡಿಂಗು, ಟಯರು. ಬರುವವರೆಲ್ಲ ಬೆಂದ ಕೈ, ಕೆಂಪು ಕಣ್ಣು, ಹಿಡಿದುಕೊಂಡ ಸೊಂಟದವರು. ಹಿಂದಿ, ಉರ್ದು, ಮುರುಕು ಅರಬ್ಬಿ ಎಲ್ಲ ಕಲಸಿ ಮಾತಾಡಿ ನನ್ನ ಬಾಯಿ ಒಂದು ಹದಕ್ಕೆ ಬಂದಿತ್ತು.

ಅಂಗಡಿಗೆ ಬರುವವರು ಔಷಧಿಗೆ ಬರುತ್ತಾರೆ. ಇವರು ಮೊದಲ ದಿನ ಬಂದದ್ದು ಹೆಸರಿಗೆ. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು. ಬೇರೆಯವರೆಲ್ಲ ಹೋಗುವ ತನಕ ಬಾಗಿಲ ಹತ್ತಿರವೇ ನಿಂತಿದ್ದರು. ನಾನು ಮಗಳ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡಿರಬೇಕು, ಹತ್ತಿರ ಬಂದು, ಮಂಡಿನೋವಿಗೆ ಈಗ ಎಂತ ಮದ್ದು ಕೊಡ್ತೀರಿ ಅಂತ ಕೇಳಿದರು. ಯಾರಿಗೆ, ಎಷ್ಟು ವಯಸ್ಸು, ಬೇರೆ ಏನಾದರೂ ತೊಂದರೆ ಇದೆಯಾ ಅಂತ ನಾನು ನನ್ನ ಪ್ರಶ್ನೆಗಳನ್ನು ಶುರುಮಾಡಿದೆ.

"ಮದ್ದು ಬೇಡ ಮೇಡಂ. ಹೆಸರು ಮಾತ್ರ ಸಾಕಿತ್ತು."

ಹೆಸರಿಗೆ ನಾವು ಬಿಲ್ಲು ಹಾಕಲ್ಲ ಅಂದೆ. ಅವರಿಗೆ ನಾಚಿಕೆಯಾಯಿತು. ಒಂದು ನೋವಿನ ಮುಲಾಮು ಕೊಂಡು, ಅದರ ಹೆಸರನ್ನು ನನ್ನ ಬಾಯಿಯಿಂದ ಮತ್ತೆ ಮತ್ತೆ ಹೇಳಿಸಿ, ತಾವೂ ಹೇಳಿ ಸರಿಯಾಯಿತಾ ಅಂತ ಕೇಳಿ ಹೋದರು. ಹದಿನೈದು ದಿನ ಬಿಟ್ಟು ಬಂದು ಕೆಮ್ಮಿನ ಔಷಧಿಯ ಹೆಸರು ಕೇಳಿದರು. ಆಮೇಲೆ ನಿದ್ದೆ ಬಾರದ್ದಕ್ಕೆ. ಈ ಮನುಷ್ಯ ಎಲ್ಲೋ ಕಳ್ಳ ಡಾಕ್ಟರಿಕೆ ನಡೆಸುತ್ತಿದ್ದಾನೆ ಅಂತ ನನಗೆ ಗುಮಾನಿ. ಒಂದು ದಿನ ಅಡ್ಡ ಹಾಕಿ ಕೇಳಿಯೇಬಿಟ್ಟೆ.

ಆಗ ಹೊರಬಿತ್ತು. ಊರಿನಲ್ಲಿ ವಯಸ್ಸಾದ ತಾಯಿ, ತುಳು ಬಿಟ್ಟು ಬೇರೆ ಭಾಷೆ ಬಾರದು, ಓದು ಬರಹ ಇಲ್ಲ. ಹಾಗಾಗಿ ಪತ್ರದ ಬದಲು ಕ್ಯಾಸೆಟ್ಟು. ಆಗೆಲ್ಲ ಗಲ್ಫಿನವರ ಮನೆಗಳಲ್ಲಿ ಅದೇ ತಾನೇ ರೂಢಿ, ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು. ಬಂದ ಹೊಸದರಲ್ಲಿ ತಾಯಿ, ಅಲ್ಲಿ ನಿನಗೆ ಎಂತ ಕೆಲಸ ಅಂತ ಕೇಳಿ ಕಳಿಸಿದರು. ಇವರು ತುಳುವಿನಲ್ಲಿ 'ಮರ್ದ್‌ದ ಬೇಲೆ' ಅಂತ ತುಂಬಿ ಕಳಿಸಿದರು. ಮದ್ದಿನ ಕೆಲಸ. ತಾಯಿ ಅದನ್ನು ಔಷಧಿ ಅಂಗಡಿ ಅಂತ ತಿಳಿದುಕೊಂಡರು. ಊರಿಗೆಲ್ಲ ಹೇಳಿಕೊಂಡು ಬಂದರು, ನನ್ನ ಮಗ ದೊಡ್ಡ ಮದ್ದಿನ ಅಂಗಡಿಯಲ್ಲಿ ಇದ್ದಾನೆ ಅಂತ.

ಆದರೆ ಇವರ ಕೈಯಲ್ಲಿದ್ದದ್ದು ಬಂದೂಕಿನ ಮದ್ದು. ತುಳುವಿನಲ್ಲಿ ಅದಕ್ಕೆ ಬೆಡಿಮರ್ದ್ ಅನ್ನುತ್ತಾರಂತೆ, ಬೆಡಿ ಅಂದರೆ ಕೋವಿ. ಇವರು 'ಬೆಡಿ' ಅನ್ನುವ ಎರಡಕ್ಷರವನ್ನು ನುಂಗಿದ್ದರು.

"ನಾನು ಸುಳ್ಳು ಹೇಳಿದ್ದಲ್ಲ ಮೇಡಂ. ಒಂದು ಶಬ್ದ ಬಿಟ್ಟದ್ದು, ಅಷ್ಟೆ."

ನನಗೆ ನಗು ತಡೆಯಲಿಲ್ಲ. ನಮ್ಮ ಮೈಸೂರಿನ ಕಡೆ ಮದ್ದು ಅಂದರೆ ಇನ್ನೂ ಬೇರೆ, ಸೊಸೆ ಮಗನಿಗೆ ಮದ್ದು ಹಾಕಿದ್ದಾಳೆ ಅಂತ ಅತ್ತೆಯಂದಿರು ಗೋಳಾಡುವ ಮದ್ದು, ನಿಮ್ಮ ತಾಯಿ ಹಾಗೆ ತಿಳಿಯಲಿಲ್ಲವಲ್ಲ, ಪುಣ್ಯ ಅಂದೆ. ಅವರೂ ನಕ್ಕರು. ಯಾಕೆ ನುಂಗಿದಿರಿ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ತಾಯಿ ಕ್ಯಾಸೆಟ್ಟಿನಲ್ಲಿ ನಿನ್ನ ಅಂಗಡಿಯಲ್ಲಿ ಇದಕ್ಕೆ ಎಂತ ಉಂಟು, ಅದಕ್ಕೆ ಎಂತ ಉಂಟು ಅಂತ ಕೇಳುತ್ತಾರೆ, ಉತ್ತರಕ್ಕೆ ಹೆಸರು ಬೇಕು, ಇಷ್ಟೇ ಸಂಗತಿ ಅಂದರು.

ಒಮ್ಮೆ ಆ ತಾಯಿ, ಅಂಗಡಿಯಲ್ಲಿ ನಿಂತ ಫೋಟೋ ಕಳಿಸು ಅಂದರಂತೆ. ಇವರು ಬಂದು ಸಂಕೋಚದಿಂದ ಹಿಡಿಯಷ್ಟಾಗಿ ಕೇಳಿಕೊಂಡರು. ನಾನೇ ಕ್ಯಾಮೆರಾ ತಂದೆ. ನಮ್ಮ ಮ್ಯಾನೇಜರ್ ತಮಾಷೆಯ ಮನುಷ್ಯ, ತನ್ನ ಬಿಳಿ ಕೋಟು ಬಿಚ್ಚಿ ಕೊಡಲು ಬಂದ. ಇವರು ಎರಡು ಹೆಜ್ಜೆ ಹಿಂದೆ ಸರಿದು, ಕೋಟು ಹಾಕಿದರೆ ಸುಳ್ಳಾಗ್ತದೆ, ಅಂಗಡಿಯಲ್ಲಿ ನಿಂತದ್ದು ನಿಜವೇ ಅಲ್ವಾ ಅಂದರು. ಗಿರಾಕಿ ನಿಲ್ಲುವ ಕಡೆಯೇ ನಿಂತು, ಹಿಂದೆ ಟಾನಿಕ್ಕಿನ ಬಾಟಲಿಗಳು ಕಾಣುವ ಹಾಗೆ ಫೋಟೋ ಹೊಡೆಸಿಕೊಂಡರು. ಸುಳ್ಳಿಗೂ ನಿಜಕ್ಕೂ ನಡುವೆ ಗೆರೆ ಎಳೆಯುವುದರಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಆ ಗೆರೆಯ ಮೇಲೆ ವರ್ಷಗಟ್ಟಲೆ ನಿಂತಿದ್ದರು ಪಾಪ.

ಅವರ ಕೆಲಸದ ಜಾಗ ನಾನು ನೋಡಿದ್ದು ಒಂದೇ ಸಲ. ನಮ್ಮ ಕಾರಿನ ಏಸಿ ಕೆಟ್ಟು, ಯಜಮಾನರ ಜೊತೆ ಆ ಗಲ್ಲಿಗೆ ಹೋಗಿದ್ದೆ. ಗ್ಯಾರೇಜಿನ ಹಿಂದೆ ಒಂದು ಲೇತ್ ಶಾಪು, ಅದರ ಪಕ್ಕ ಸಣ್ಣ ಕೋಣೆ. ಕೋಣೆಯ ಬಾಗಿಲಿಗೆ ಅಡ್ಡವಾಗಿ ಒಂದು ಸ್ಟೂಲನ್ನು ತಲೆಕೆಳಗು ಮಾಡಿ ಇಟ್ಟಿದ್ದರು. ಒಳಗೆ ಇವರು ಬೆನ್ನು ಮಾಡಿ ಕೂತಿದ್ದರು. ನಾನು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದಾಗ ಲೇತಿನ ಮುಂದಿದ್ದ ಪಾಕಿಸ್ತಾನಿ ಕೆಲಸಗಾರ ಕೈಯಾಡಿಸಿ, ಸ್ಟೂಲ್ ಹಾಗಿದ್ದರೆ ಬಾದಶಹ ಬಂದರೂ ಮಾತಿಲ್ಲ ಅಂತ ಉರ್ದುವಿನಲ್ಲಿ ಹೇಳಿದ. ನನಗೆ ಸಿಟ್ಟು ಬಂತು. ನನ್ನ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಲ್ಲುವವರು ಇಲ್ಲಿ ಕಂಡೂ ಕಾಣದ ಹಾಗೆ ಕೂರುವುದೇ?

ಮುಂದಿನ ವಾರ ಅವರೇ ಬಂದು ತಪ್ಪಾಯಿತು ಅಂತ ಹೇಳಿ ವಿವರಿಸಿದರು. ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಒಬ್ಬ ಮುದುಕ ಒಮಾನಿ. ಆತನ ಅಪ್ಪನ ಕಾಲದ ಬಂದೂಕು ಮನೆಯಲ್ಲಿತ್ತು, ಪೊಲೀಸಿನ ಪರವಾನಗಿ ಎಲ್ಲ ಇತ್ತು. ಒಂದು ಸಲಕ್ಕೆ ಒಂದೇ ತೋಟೆ, ಅಂದರೆ ಮದ್ದು ಗುಂಡು ಎರಡೂ ಸೇರಿಸಿದ ಹಿತ್ತಾಳೆಯ ಚಿಪ್ಪು, ಹಿಡಿಸುವ ಬಂದೂಕು, ಹೆಬ್ಬೆರಳು ದಪ್ಪದ ಗುಂಡು. ಅಂಥ ತೋಟೆ ಮಾಡುವುದನ್ನು ಕಾರ್ಖಾನೆಗಳು ಎಂದೋ ನಿಲ್ಲಿಸಿದ್ದವು. ಈದ್ ಬಂದರೆ, ಮದುವೆ ಬಂದರೆ, ಆ ಮುದುಕ ಮತ್ತು ಅವನ ನೆಂಟರಿಷ್ಟರಿಗೆ ತೋಟೆ ಬೇಕು. ಮೊದಲು ಆ ಕೆಲಸ ಮಾಡುತ್ತಿದ್ದ ಬಲೂಚಿ ಬಿಟ್ಟು ಹೋದ. ಲೇತಿನ ಕೆಲಸಕ್ಕೆ ಅಂತ ಬಂದ ಇವರನ್ನು ಕಫೀಲ್ ಆ ಕೋಣೆಗೆ ಕೂರಿಸಿದ. ಪಾಸ್‌ಪೋರ್ಟು ಅವನ ಕೈಯಲ್ಲಿ ಇರುವಾಗ ಒಲ್ಲೆ ಅನ್ನುವುದು ಹೇಗೆ?

ಹಿತ್ತಾಳೆಯ ಸರಳನ್ನು ಲೇತಿಗೆ ಕೊಟ್ಟು ತೋಟೆಯ ಚಿಪ್ಪು ಮಾಡುವುದು, ಸೀಸ ಕರಗಿಸಿ ಗುಂಡು ಎರೆಯುವುದು, ಮದ್ದು ತೂಗಿ ತುಂಬುವುದು. ತೂಗುವ ತಕ್ಕಡಿಯ ಬಟ್ಟುಗಳು ಸರಿಯಿವೆಯಾ ಅಂತ ನೋಡಲು ನನ್ನ ಹತ್ತಿರ ತರುತ್ತಿದ್ದರು, ನನ್ನ ತಕ್ಕಡಿಗೆ ಹೋಲಿಸಿಕೊಂಡು ಹೋಗುತ್ತಿದ್ದರು. ಪುಡಿ ಕಟ್ಟುವ ತೆಳು ಕಾಗದವನ್ನು ಗುಂಡಿಗೆ ಸುತ್ತಲು ಒಯ್ಯುತ್ತಿದ್ದರು. ನನ್ನ ಅಂಗಡಿಯ ಕಾಗದ ಈದಿನ ದಿನ ಒಮಾನಿನ ಬೆಟ್ಟಗಳಲ್ಲಿ ಹಾರಾಡುತ್ತಿತ್ತು ಅನ್ನಿ. ಮದ್ದು ತುಂಬುವಾಗ ಮಾತ್ರ ಸ್ಟೂಲು ತಲೆಕೆಳಗು. ಯಾರಾದರೂ ಮಾತಾಡಿಸಿ ಗಮನ ತಪ್ಪಿದರೆ, ಒಂದು ಚಿಪ್ಪಿಗೆ ಎರಡು ಸಲ ಮದ್ದು ಬಿದ್ದೀತು. ಬಿದ್ದರೆ ಬಂದೂಕು ಕೈಯಲ್ಲೇ ಒಡೆಯುತ್ತದೆ. ತುಂಬಿದ ಮೇಲೂ ಗುಂಡು ಕೂರಿಸುವ ಮುಂಚೆ ಪ್ರತಿಯೊಂದರ ಒಳಕ್ಕೂ ಟಾರ್ಚು ಬಿಟ್ಟು ನೋಡುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ಮುಖ ಬೇರೆಯೇ ಆಗಿತ್ತು.

ಇನ್ನೊಂದು ವಿಷಯ ನನಗೆ ಬಹಳ ಮೋಜು ಅನಿಸಿತ್ತು. ಬಂದೂಕಿನ ನಳಿಗೆ ಹಳೆಯದು, ಜೋರಿನ ಮದ್ದು ತಾಳದು. ಹಾಗಾಗಿ ಗುಂಡು ದಪ್ಪ ಇರಬೇಕು, ಆದರೆ ನಿಧಾನ ಹೋಗಬೇಕು, ಸದ್ದಿಗಿಂತ ನಿಧಾನ. ಸದ್ದಿಗಿಂತ ಮುಂದೆ ಓಡುವ ಗುಂಡು ಚಾಟಿ ಬೀಸಿದ ಹಾಗೆ ಛಟೀರ್ ಅನ್ನುತ್ತದೆ, ಹಿಂದೆ ಹೋಗುವುದು ಬರೀ ಧಬ್ ಅನ್ನುತ್ತದೆ ಅಂದರು. ನಂಬದೆ ಮನೆಗೆ ಹೋಗಿ ಯಜಮಾನರನ್ನು ಕೇಳಿದೆ. ಅವರು ಊಟ ಬಿಟ್ಟು ಪೇಪರಿನ ಮೇಲೆ ಗೀಚಿ ಗೀಚಿ, ಹೌದು ಕಣೇ, ಸರಿಯಾಗೇ ಹೇಳಿದ್ದಾರೆ ಅಂದರು. ಇವರಿಗೆ ಪೇಪರೂ ಇಲ್ಲ, ಯಂತ್ರವೂ ಇಲ್ಲ. ಹೊಸದಾಗಿ ತುಂಬಿದ್ದನ್ನು ವಾದಿಗೆ, ಅಂದರೆ ಬೆಟ್ಟಗಳ ನಡುವಿನ ಒಣ ಹಳ್ಳಕ್ಕೆ ಒಯ್ದು, ಕಫೀಲ್ ಹಾರಿಸುವಾಗ ಪಕ್ಕದಲ್ಲಿ ನಿಂತು ಕಿವಿ ಕೊಡುವುದು. ಧಬ್ ಅಂದರೆ ಸರಿ. ಛಟೀರ್ ಅಂದರೆ ಮದ್ದು ಜಾಸ್ತಿ.

ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಿ ಅಂತ ನಾನು ಒಂದು ಉಂಡೆ ಕೊಟ್ಟೆ. ಹತ್ತಿ ಇಟ್ಟರೆ ಕೇಳುವುದು ಹೇಗೆ, ಕೇಳಲಿಕ್ಕೇ ನಾನು ಹೋಗುವುದಲ್ವಾ ಅಂದರು. ಉಂಡೆಯನ್ನು ತಿರುಗಿ ಡಬ್ಬಿಗೆ ಹಾಕಿದೆ.

ಹೀಗೆ ವರ್ಷಗಳು ಹೋದವು. ಶುಕ್ರವಾರ ಬಂದರೆ ರೂವಿಯಲ್ಲಿ ಮಂಗಳೂರು ಕಡೆಯವರು ಗುಂಪುಗುಂಪಾಗಿ ಸೇರುತ್ತಿದ್ದರು, ತಾಳಮದ್ದಳೆ, ಭಜನೆ, ಕೋಳಿ ಸುಕ್ಕ ಎಲ್ಲಾ ಇತ್ತು. ಇವರು ಆ ಬೀದಿಗೇ ಕಾಲಿಡುತ್ತಿರಲಿಲ್ಲ. ಊರಿನ ಒಬ್ಬ ಕಂಡರೂ ಕೆಲಸ ಎಲ್ಲಿ ಅಂತ ಕೇಳುತ್ತಾನೆ, ಮುಂದಿನ ವಿಮಾನದಲ್ಲಿ ಸುದ್ದಿ ತಾಯಿಯ ಜಗಲಿಗೆ ತಲುಪುತ್ತದೆ. ಬೇಕೆಂದೇ ಪಾಕಿಸ್ತಾನಿ, ಬಂಗಾಳಿಗಳ ಜೊತೆ ಕೋಣೆ ಮಾಡಿದ್ದರು. ಕ್ಯಾಸೆಟ್ಟನ್ನೂ ಬೇರೆ ಊರಿನವರ ಕೈಯಲ್ಲಿ ಕೊಟ್ಟು, ಇಳಿದ ಮೇಲೆ ಅಂಚೆಗೆ ಹಾಕಿ ಅನ್ನುತ್ತಿದ್ದರು. ದೇವಸ್ಥಾನಕ್ಕೆ ಜನ ಇಲ್ಲದ ಹೊತ್ತು ನೋಡಿ ಹೋಗುತ್ತಿದ್ದರು. ಹೆಣ್ಣು ಕೊಡುವವರು ಬಂದರೆ ಕೆಲಸ ವಿಚಾರಿಸುತ್ತಾರೆ ಅಂತ ಮದುವೆಯನ್ನೂ ಮುಂದೆ ಹಾಕುತ್ತಾ ಹಾಕುತ್ತಾ ಕೈಬಿಟ್ಟರು. ರಜೆಯಲ್ಲಿ ಹೋದರೆ ಮನೆಯಿಂದ ಹೊರಗೆ ಬರದೆ ತಿರುಗಿ ಬರುತ್ತಿದ್ದರು. ನುಂಗಿದ್ದು ಎರಡಕ್ಷರ, ಅದು ಅವರ ಜನವನ್ನೆಲ್ಲ ನುಂಗಿತ್ತು. ಹೇಳಿಬಿಡಿ ಮಾರಾಯರೇ, ಅದರಲ್ಲಿ ಮಾನ ಹೋಗುವಂಥದ್ದು ಏನಿದೆ ಅಂತ ಎಷ್ಟೋ ಸಲ ಬೈದಿದ್ದೇನೆ. ಅವರು ತಕ್ಕಡಿ ಒರೆಸಿಕೊಂಡು ಹೊರಟುಬಿಡುತ್ತಿದ್ದರು.

ತೊಂಬತ್ತರ ನಂತರ ಒಂದು ಬದಲಾವಣೆ ಗಮನಿಸಿದೆ. ನಾನು ಮಾತಾಡುವಾಗ ಈ ಮನುಷ್ಯ ನನ್ನ ಕಣ್ಣು ನೋಡದೆ ಬಾಯಿ ನೋಡುತ್ತಾರೆ. ಇದೇನಪ್ಪ ಈ ವಯಸ್ಸಿನಲ್ಲಿ ಅಂತ ಒಂದೆರಡು ದಿನ ಸೆರಗು ಸರಿಮಾಡಿಕೊಂಡೆ. ಆಮೇಲೆ ಒಮ್ಮೆ ಬೆನ್ನು ತಿರುಗಿಸಿ ಶೆಲ್ಫಿನಿಂದ ಔಷಧಿ ತೆಗೆಯುತ್ತಾ ಏನೋ ಕೇಳಿದೆ, ಉತ್ತರವೇ ಇಲ್ಲ. ತಿರುಗಿ ಕೇಳಿದೆ, ಉತ್ತರ ಬಂತು. ಯಾವ ಕಿವಿಯಿಂದ ಮದ್ದಿನ ಹದ ನೋಡುತ್ತಿದ್ದರೋ ಆ ಕಿವಿ ಹೋಗಿತ್ತು. ಯಾರಿಗೂ ಹೇಳಬೇಡಿ ಅಕ್ಕಾ ಅಂದರು. ಅವತ್ತೇ ಮೊದಲು ಮೇಡಂ ಬಿಟ್ಟು ಅಕ್ಕ ಅಂದದ್ದು, ನನಗಿಂತ ದೊಡ್ಡವರು.

ಎಷ್ಟು ದಿನ ಮುಚ್ಚಿಡಲು ಸಾಧ್ಯ? ಆ ವರ್ಷದ ಈದಿನಲ್ಲಿ ಹೊರಬಿತ್ತು. ಕಫೀಲ್ ಹಾರಿಸಿದ. ವಾದಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರಂತೆ, ಅಷ್ಟು ಜೋರಾಗಿ ಛಟೀರ್ ಅಂದಿತ್ತು. ಇವರೊಬ್ಬರೇ ಯಾವತ್ತಿನ ಹಾಗೆ ತಲೆಯಾಡಿಸಿ ಸರಿಯಾಗಿದೆ ಅಂದರು. ಮುದುಕ ಬಂದೂಕನ್ನು ಕೆಳಗಿಟ್ಟು ಇವರ ಮುಖವನ್ನೇ ನೋಡಿದ. ಬೈಯಲಿಲ್ಲ. ಕಿವಿ ಮುಟ್ಟಿ ತೋರಿಸಿ, ಖಲಾಸ್ ಅಂದ. ನಿನ್ನ ಲೆಕ್ಕ ಮುಗಿಸಿ ಕೊಡುತ್ತೇನೆ, ಊರಿಗೆ ಹೋಗು ಅಂದ. ಪುಣ್ಯಕ್ಕೆ ನಳಿಗೆ ತಡೆದುಕೊಂಡಿತ್ತು. ಇವರು ಅಂಗಡಿಗೆ ಬಂದು, ಒಡೆಯಬಹುದಿತ್ತು, ಅವರ ಕೈ ಹೋಗಬಹುದಿತ್ತು ಅಂತ ಅದನ್ನೇ ಹೇಳಿದರು.

ಅದೇ ಸಮಯಕ್ಕೆ ಊರಿನಿಂದ ಸುದ್ದಿ. ಗಲ್ಲಿಯ ಕಿರಾಣಿ ಅಂಗಡಿಗೆ ಇವರ ಒಡಹುಟ್ಟಿದ ಅಕ್ಕನ ಗಂಡ ಫೋನು ಮಾಡಿದ್ದರಂತೆ, ಇವರಿಗೆ ಫೋನು ಕೇಳದು ಅಂತ ತಿಳಿಯದೆ. ಅಂಗಡಿಯವನು ಬರೆದುಕೊಂಡು ತಂದುಕೊಟ್ಟ. ತಾಯಿಗೆ ಎದೆನೋವು ಬಂದು ಬಿದ್ದಿದ್ದಾರೆ, ಪೇಟೆಯ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಬಿಡದೆ ತೆಗೆದುಕೊಳ್ಳಬೇಕು. ಆಕೆ ಮುಟ್ಟುತ್ತಿಲ್ಲ. ಆ ಡಾಕ್ಟರಿಗೆ ಎಂತ ಗೊತ್ತು, ನನ್ನ ಮಗನೇ ಮದ್ದಿನವನು, ಅವನು ಹೇಳಿದ್ದು ಬಿಟ್ಟು ಬೇರೆ ಒಂದು ಗುಳಿಗೆ ನುಂಗುವುದಿಲ್ಲ ಅಂತ ಹಟ.

ಇವರು ಉಟ್ಟ ಬಟ್ಟೆಯಲ್ಲೇ ಓಡಿ ಬಂದಿದ್ದರು. ಎದೆನೋವಿಗೆ ಒಂದು ಹೆಸರು ಹೇಳಿ ಅಕ್ಕಾ, ಗಟ್ಟಿಯಾದದ್ದು ಅಂತ ಕೇಳಿದರು. ಇಷ್ಟು ವರ್ಷ ಹೆಸರು ಕೊಟ್ಟವಳು ನಾನು, ಅವತ್ತು ಕೊಡಲಿಲ್ಲ. ಮುಲಾಮಿನ ಹೆಸರು ಬೇರೆ, ಹೃದಯದ್ದು ಬೇರೆ. ನಾನು ನೋಡದ ರೋಗಿಗೆ ಹೇಳಲ್ಲ, ಆ ಡಾಕ್ಟರು ಕೊಟ್ಟದ್ದನ್ನೇ ತಿನ್ನಬೇಕು ಅಂತ ಅವರ ಮುಖದ ಮುಂದೆ ನಿಧಾನವಾಗಿ ಹೇಳಿದೆ. ಹಾಗಾದರೆ ನಾನೇ ಆ ಡಾಕ್ಟರ ಮದ್ದು ತಿನ್ನು ಅಂತ ಹೇಳಿ ಕಳಿಸುತ್ತೇನೆ ಅಂದರು. ಇದು ಆಯಿತು, ನಾಳೆ ಇನ್ನೊಂದು ಬರುತ್ತದೆ, ಪ್ರತಿ ಸಲ ಆಕೆ ನಿಮ್ಮ ಕ್ಯಾಸೆಟ್ಟು ಬರುವ ತನಕ ಉಸಿರು ಹಿಡಿದು ಕೂರಬೇಕಾ ಅಂತ ಕೇಳಿದೆ. ನೀವು ಮದ್ದಿನವರಲ್ಲ ಅಂತ ಹೇಳಿ, ಆಗ ಡಾಕ್ಟರನ್ನು ನಂಬುತ್ತಾರೆ ಅಂದೆ. ಗಟ್ಟಿಯಾಗಿಯೇ ಅಂದೆ, ನನಗೂ ಸಿಟ್ಟು ಬಂದಿತ್ತು.

ಆಗ ಹೇಳಿದರು, ಯಾಕೆ ಆ ಎರಡಕ್ಷರ ನುಂಗಿದ್ದು ಅಂತ.

ಅವರಿಗೊಬ್ಬ ಅಣ್ಣ ಇದ್ದರು. ಗದ್ದೆಗೆ ಹಂದಿ ಬರುವ ಕಾಲ, ಮನೆಯಲ್ಲಿ ಮದ್ದು ತುಂಬುವ ಹಳೆಯ ಕೋವಿ. ಒಂದು ಸಂಜೆ ಇವರು, ಆಗಿನ್ನೂ ಮೀಸೆ ಚಿಗುರುತ್ತಿದ್ದವರು, ಕೋವಿಗೆ ಮದ್ದು ತುಂಬಿ ಮೂಲೆಯಲ್ಲಿ ಇಟ್ಟರು. ತುಂಬಿದ್ದೇನೆ ಅಂತ ಹೇಳಲು ಮರೆತು ತೋಡಿಗೆ, ಅಂದರೆ ಹಳ್ಳಕ್ಕೆ, ಸ್ನಾನಕ್ಕೆ ಹೋದರು. ಅಣ್ಣ ಬಂದು ಇನ್ನೊಮ್ಮೆ ತುಂಬಿದ. ಕೋವಿ ಒಡೆದು ಅಣ್ಣನ ಎರಡು ಕೈಯೂ ಹೋಯಿತು, ನಂಜು ಏರಿ ವಾರದಲ್ಲಿ ಜೀವವೂ ಹೋಯಿತು. ತಾಯಿ ಇವರನ್ನು ಒಂದು ಮಾತು ಬೈಯಲಿಲ್ಲ. ಬೆಡಿಮರ್ದ್ ಇನ್ನು ಮುಟ್ಟುವುದಿಲ್ಲ ಅಂತ ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರು.

"ಬೇರೆಯವರು ತುಂಬಿದ್ರೆ ಎರಡು ಸಲ ತುಂಬಿಯಾರು ಅಂತ ನಾನು ಕೂತದ್ದು ಅಕ್ಕಾ. ಆದ್ರೆ ಆಣೆ ಆಣೆಯೇ ಅಲ್ವಾ."

ಆಚೆ ಒಬ್ಬ ಪಠಾಣ ಕಣ್ಣಿನ ಡ್ರಾಪ್ಸು ಕೇಳುತ್ತಾ ನಿಂತಿದ್ದ, ಅವನಿಗೆ ಏನು ಕೊಟ್ಟೆನೋ ನೆನಪಿಲ್ಲ, ಸರಿಯಾದದ್ದೇ ಕೊಟ್ಟಿರುತ್ತೇನೆ ಅಂದುಕೊಂಡಿದ್ದೇನೆ.

ಅವತ್ತು ಹೋಗಿ ಕ್ಯಾಸೆಟ್ಟು ತುಂಬಿದರು. ಎಲ್ಲಾ ಹೇಳಿದ್ದೇನೆ, ಬೆಡಿ ಅಂತಲೂ ಹೇಳಿದ್ದೇನೆ, ಕಿವಿಯ ವಿಷಯವೂ ಹೇಳಿದ್ದೇನೆ ಅಂದರು. ವಿಮಾನ ಹತ್ತುವವರೊಬ್ಬರ ಕೈಯಲ್ಲಿ ಕಳಿಸಿದರು. ಕಫೀಲ್ ಟಿಕೆಟ್ಟು ಕೊಡಲು ತಯಾರಿದ್ದ, ಇವರು ತಯಾರಿರಲಿಲ್ಲ. ತಾಯಿ ಬಾ ಅಂದರೆ ಹೋಗುವುದು, ಅನ್ನದಿದ್ದರೆ ಯಾವ ಮುಖ ಹೊತ್ತು ಹೋಗಲಿ ಅಂದರು. ಕಾದರು. ಲೇತ್ ಶಾಪಿನ ಗುಡಿಸುವ ಕೆಲಸ ಮಾಡಿಕೊಂಡು ಕಾದರು. ನನ್ನ ಅಂಗಡಿಯ ಮುಂದೆ ಹೋಗುವಾಗ ಗಾಜಿನಾಚೆಯಿಂದ ಇಲ್ಲ ಅಂತ ತಲೆಯಾಡಿಸುವರು. ನಾನೂ ಇಲ್ಲಿಂದ ತಲೆಯಾಡಿಸುವೆ. ಮಾತ್ರೆ ತಿನ್ನದೆ ಆ ಮುದುಕಿ ಏನಾದರೋ ಅಂತ ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ, ಅಂಗಡಿ ಬಾಗಿಲು ಅರ್ಧ ಎಳೆಯುವ ಹೊತ್ತಿಗೆ, ಬಗ್ಗಿ ಒಳಗೆ ಬಂದರು. ಕೈಯಲ್ಲಿ ಕ್ಯಾಸೆಟ್ಟು.

ನನಗೆ ತುಳು ಬರಲ್ಲವಲ್ಲ, ನಿಮ್ಮ ಕಡೆಯವರು ಇಷ್ಟು ಜನ ಇದ್ದಾರೆ ಅಂದೆ.

"ನಿಮಗೆ ತುಳು ಬರುದಿಲ್ಲ, ಅದಕ್ಕೇ ನಿಮ್ಮ ಹತ್ರ ತಂದದ್ದು. ನೀವು ಕೇಳಿದ ಹಾಗೇ ಹೇಳಿ ಅಕ್ಕಾ. ನಾನು ಬಾಯಿ ನೋಡ್ತೇನೆ."

ಅಂಗಡಿಯಲ್ಲಿ ಒಂದು ಟೂ-ಇನ್-ಒನ್ ಇತ್ತು. ಕೌಂಟರಿನ ಮೇಲೆ ಇಟ್ಟು, ಎದುರುಬದುರು ಸ್ಟೂಲು ಹಾಕಿಕೊಂಡು ಕೂತೆವು. ಒಂದು ತುಂಡು ಕೇಳುವುದು, ನಿಲ್ಲಿಸುವುದು, ಅರ್ಥವಾಗದ ಆ ಮಾತನ್ನು ಅವರ ಮುಂದೆ ಬಾಯಿ ಅಗಲಿಸಿ ಹೇಳುವುದು. ಮೊದಲು ಸಣ್ಣದೊಂದು ಕೆಮ್ಮು, ಆಮೇಲೆ ಒಡಕು ದನಿ. 'ಮಗಾ, ಉಣಸ್ ಆಂಡಾ?' ನಾನು ಹೇಳಿದೆ. ಅವರ ಮುಖ ಅರಳಿತು, ಊಟ ಆಯಿತಾ ಅಂತ ಅರ್ಥ ಅಂದರು. ಟೇಪಿನಲ್ಲಿ ಆಮೇಲೆ ಸುಮಾರು ಹೊತ್ತು ಮಾತಿಲ್ಲ, ಬರೀ ಗರಗರ, ದೂರದಲ್ಲೊಂದು ಕೋಳಿ. ಕೆಟ್ಟಿತಾ ಅಂತ ನೋಡುವಷ್ಟರಲ್ಲಿ 'ಆವು' ಅಂತ ಬಂತು. ಅದನ್ನೂ ಹೇಳಿದೆ. ಇವರು ನಗಾಡಿದರು. ಅಮ್ಮ ಮೊದಲಿಂದಲೂ ಹೀಗೇ, ಪ್ರಶ್ನೆ ಕೇಳಿ ನಾನು ಉತ್ತರ ಕೊಡುವಷ್ಟು ಹೊತ್ತು ಸುಮ್ಮನಿರುತ್ತಾರೆ, ನಾನು ಹೇಳಿ ಮುಗಿಸಿದೆ ಅನಿಸಿದ ಮೇಲೆ ಆಯಿತು ಅನ್ನುತ್ತಾರೆ, ಅದೇ ಆವು ಅಂದರು.

ಮುಂದಿನದು ಉದ್ದ ಇತ್ತು, ತುಂಡು ತುಂಡು ಮಾಡಿ ಹೇಳಿದೆ. 'ಡಾಕ್ಟ್ರೆನ ಮರ್ದ್ ತಿನೊಂದುಲ್ಲೆ' ಅನ್ನುವುದೊಂದು ನೆನಪಿದೆ, ಯಾಕೆಂದರೆ ಅದನ್ನು ಅವರು ಇನ್ನೊಮ್ಮೆ, ಮತ್ತೊಮ್ಮೆ ಹೇಳಿಸಿದರು. ಡಾಕ್ಟರ ಮದ್ದು ತಿನ್ನುತ್ತಿದ್ದಾರಂತೆ. ಮಗನಿಗೆ ಮದ್ದು ಗೊತ್ತಿಲ್ಲ ಅಂದ ಮೇಲೆ ಇನ್ನು ಆ ಡಾಕ್ಟರನ್ನೇ ನಂಬಬೇಕಲ್ಲ, ಏನು ಮಾಡುವುದು ಅಂತ ಬೇಸರದಲ್ಲೇ ಅಂದಿದ್ದಾರಂತೆ. ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಅವರು ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಆಮೇಲೆ 'ಈ ಇಲ್ಲಡೆ ಬಲ' ಅಂತ ಬಂತು. ನೀನು ಮನೆಗೆ ಬಾ. ಅದನ್ನು ಹೇಳಿದಾಗ ಅವರು ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಇನ್ನು ಮುಗಿಯಿತು ಅಂದುಕೊಂಡೆ. ಬೈಗುಳ ಇಲ್ಲ, ಅಣ್ಣನ ಮಾತಿಲ್ಲ, ಆಣೆಯ ಮಾತಿಲ್ಲ. ನಿಲ್ಲಿಸಲು ಕೈ ಹಾಕುವಾಗ ಆ ದನಿ ಇನ್ನೊಮ್ಮೆ ಬಂತು, ಈ ಸಲ ತುಂಬಾ ಮೆಲ್ಲಗೆ. ನಾನು ತಿರುಗಿಸಿ ಮತ್ತೆ ಕೇಳಿ, ಹಾಗೇ ಹೇಳಿದೆ.

"ನಿನ್ನ ರಡ್ಡ್ ಕೈಲಾ ಉಂಡಾ?"

ಇದಕ್ಕೆ ಅವರು ಅರ್ಥ ಹೇಳಬೇಕಾಗಿರಲಿಲ್ಲ. ಕೈ ಅಂದರೆ ನಮ್ಮಲ್ಲೂ ಕೈಯೇ. ನಿನ್ನ ಎರಡು ಕೈಯೂ ಇವೆಯಾ, ಅಷ್ಟೇ ಆಕೆಗೆ ಬೇಕಾಗಿದ್ದದ್ದು.

ಅವರು ಎರಡೂ ಕೈ ಎತ್ತಿ ನನ್ನ ಮುಂದೆ ಹಿಡಿದರು. ಮುಂಗೈ ತೋರಿಸಿದರು, ತಿರುಗಿಸಿ ಅಂಗೈ ತೋರಿಸಿದರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಉಂಡು ಅಮ್ಮಾ, ರಡ್ಡ್‌ಲಾ ಉಂಡು ಅಂದರು. ನಾನು ಟೇಪು ನಿಲ್ಲಿಸಿರಲಿಲ್ಲ. ಅದು ಗರಗರ ಅಂತ ಓಡುತ್ತಿತ್ತು, ಆಕೆ ಅಲ್ಲಿ ಉತ್ತರಕ್ಕೆ ಕಾಯುತ್ತಿದ್ದರು. ಇವರು ಆ ಕೈಗಳಿಂದಲೇ ಮುಖ ಮುಚ್ಚಿಕೊಂಡರು.

ಆಮೇಲೆ ಆ ದನಿ ಬಂತು. ಅವರಿಗೆ ನನ್ನ ಬಾಯಿ ಕಾಣುವ ಹಾಗಿರಲಿಲ್ಲ. ಕಾದೆ. ಅವರು ಕೈ ತೆಗೆದು ನನ್ನ ಕಡೆ ನೋಡಿದ ಮೇಲೆ ಹೇಳಿದೆ, "ಆವು."